ಬಲಕ್ಕೆ ನಿಲ್ಲುವ ದನಿ

“ದನಿ ಕಾಣತೈತ್ರಿ ಅಮ್ಮಾ. ಕೇಳೋದಲ್ಲ, ಕಾಣೋದು. ಮೊದಲನೇ ಸಲ ಕಣ್ಣಿಗೆ ಬಿದ್ದಾಗ ನಾನ ನಂಬಲಿಲ್ಲ. ಮೈಕಿನ ಮುಂದ ಕುಂತು ‘ಅಲೋ ಅಲೋ’ ಅಂದೆ, ಕಂಪ್ಯೂಟರಿನ ಪರದಿ ಮ್ಯಾಲ ನೀಲಿ ಗೆರಿ ಉಬ್ಬಿ ಉಬ್ಬಿ ಬಂತು. ನಾನು ಸುಮ್ಮನಾದೆ, ಗೆರಿನೂ ಸುಮ್ಮನಾತು, ಕಾಲುವಿ ನೀರು ನಿಂತಂಗ. ಮೆಲ್ಲಕ ಉಸಿರು ಬಿಟ್ಟೆ, ಸಣ್ಣ ತೆರಿ ಎದ್ದವು. ಅಯ್ಯ, ನನ್ನ ಉಸಿರಿಗೂ ಒಂದು ಮಾರಿ ಐತಲ್ಲ ಅನಿಸ್ತು. ಸಿರುಗುಪ್ಪದಾಗ ನೆಲ್ಲಿನ ಗದ್ದಿ ನೋಡೀರಲ್ರಿ, ಗಾಳಿ ಬಂದಾಗ ಈ ಬದುವಿನಿಂದ ಆ ಬದುವಿಗೆ ಬಾಗಿಕೋಂತ ಹೊಕ್ಕಾವಲ್ಲ, ಯಾರರ ಹಾಡಿದ್ರ ಹಂಗ ಕಾಣತೈತಿ. ಆದ್ರ ಹೊರಗ ಅದಿರಿನ ಲಾರಿ ಹೋತಂದ್ರ ಮುಗೀತು. ಗೆರಿ ತುಂಬ ಒಂದ ಸಮ ನುಚ್ಚು ನುಚ್ಚು. ಧೂಳು ಅರಿವಿ ಮ್ಯಾಲ ಕುಂತಂಗ ದನಿ ಮ್ಯಾಲ ಕುಂತುಬಿಡತೈತಿ, ಕೊಡವಿದ್ರ ಹೋಗಂಗಿಲ್ಲ. ಅದನ್ನ ತಗೀಬೇಕಂದ್ರ ಮೊದಲ ಕಂಪ್ಯೂಟರಿಗೆ ತೋರಿಸಬೇಕ್ರಿ, ‘ನೋಡಪ್ಪಾ, ಇದು ಬರೇ ಲಾರಿ, ಇದರಾಗ ಮನುಷ್ಯಾರಿಲ್ಲ’ ಅಂತ. ಆಮ್ಯಾಲ ಅದು ಹುಡುಕಿ ಹುಡುಕಿ ಲಾರಿ ತಗೀತೈತಿ. ಆಸಿ ಮಾಡಿ ಜಾಸ್ತಿ ತಗಿ ಅಂದ್ರಿ, ಮನುಷ್ಯಾನ್ನೂ ತಗದು ಒಗೀತೈತಿ. ಬಾವ್ಯಾಗ ಮುಳುಗಿ ಮಾತಾಡಿದಂಗ ಕೇಳತೈತಿ. ನಮ್ಮ ಮಾವ ಹತ್ತಿ ಹಿಂಜತಿದ್ದದ್ದೂ ಇದ ಅಲ್ಲೇನ್ರಿ? ಕಸ ಹೋಗಬೇಕು, ಎಳಿ ಉಳೀಬೇಕು. ಪಿಂಜಾರರ ಮನ್ಯಾಗ ಹುಟ್ಟಿ ಹಿಂಜೋ ಬಿಲ್ಲು ಹಿಡೀಲಿಲ್ಲ ಅಂತ ಮಾವ ಬೈತಾನ. ನಾನು ಹಿಂಜಾಕ ಹತ್ತೀನಲ್ರಿ, ದನಿ ಹಿಂಜಾಕ ಹತ್ತೀನಿ.”

ಖಲಂದರ್ ಈ ಮಾತು ಹೇಳಿದ್ದು ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು. ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಮನೆಯ ಹಿಂದೆ ಒಂದು ಕೋಣೆ ಇದೆ. ಮೊದಲು ಅದರಲ್ಲಿ ಕಟ್ಟಿಗೆ ಕುಳ್ಳು ಒಟ್ಟುತ್ತಿದ್ದೆವು, ಗ್ಯಾಸ್ ಬಂದ ಮೇಲೆ ಖಾಲಿ ಬಿದ್ದಿತ್ತು. ಕುರುಗೋಡು ನನ್ನ ತವರೂರು. ಅಲ್ಲಿ ಗಾದಿ ಹೊಲಿಯುವ ಹಸನಸಾಬರು ಒಂದು ದಿನ ಬಂದು ಕೇಳಿದರು: “ಚನ್ನವೀರವ್ವಾ, ನನ್ನ ತಂಗಿ ಮಗ ಅದಾನ. ಸಿರುಗುಪ್ಪದಾಗ ರೈಸ್ ಮಿಲ್ಲಿನಾಗ ಇದ್ದ, ಈಗ ನಿಮ್ಮೂರಾಗ ಮದುವಿ ವಿಡಿಯೋ ಮಾಡೋ ಸ್ಟುಡಿಯೋ ಸೇರ್ಯಾನ. ಒಂದು ಮೂಲಿ ಕೊಡವ್ವಾ. ಗದ್ಲ ಮಾಡೋ ಹುಡುಗಲ್ಲ.” ಕೊಟ್ಟೆ. ಗದ್ದಲ ಮಾಡದ ಆ ಹುಡುಗ ನನ್ನ ಕೋಣೆಯಲ್ಲಿ ಮುಂದೆ ಮಾಡಿದ್ದೆಲ್ಲ ಗದ್ದಲದ್ದೇ ಕೆಲಸ.

ಅದು ಅದಿರಿನ ಕಾಲ. ಮಣ್ಣು ಬಂಗಾರವಾಯಿತು ಅಂತ ಜನ ಅನ್ನುತ್ತಿದ್ದರು. ಬಂಗಾರವೋ ಏನೋ, ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿದ್ದದ್ದು ನಾನು ಕಂಡ ಮಾತು. ಹಗಲೆಲ್ಲ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಮಧ್ಯಾಹ್ನ ಅಡ್ಡಾದರೆ ನೆಲದೊಳಗಿಂದ ಗುಂಯ್ ಅಂತ ಒಂದು ದನಿ ಬೆನ್ನಿಗೆ ಹತ್ತುತ್ತಿತ್ತು, ಭೂಮಿಯೇ ನಿದ್ದೆಯಲ್ಲಿ ಗೊರಕೆ ಹೊಡೆದಂತೆ. ಮದುವೆಗಳೂ ದೊಡ್ಡವಾದವು. ಒಂದೊಂದು ಮದುವೆಗೆ ಸಿನಿಮಾದಷ್ಟು ಉದ್ದದ ವಿಡಿಯೋ. ಖಲಂದರ್ ಕೆಲಸಕ್ಕಿದ್ದ ಸ್ಟುಡಿಯೋದ ಯಜಮಾನ ಸಂಗಮೇಶ್ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಇವನಿಗೆ ಕೊಟ್ಟ. ಅದಕ್ಕೆ ಹಾಕಲು ಖಲಂದರ್ ಹಾಡು ಕೂಡಿಸುವ ಒಂದು ಸಾಫ್ಟ್‌ವೇರನ್ನು ಬ್ರೌಸಿಂಗ್ ಸೆಂಟರಿನಿಂದ ಸಿ.ಡಿ.ಗೆ ಹಾಕಿಸಿಕೊಂಡು ತಂದ. ಪುಕ್ಕಟೆ ಸಿಕ್ಕಿತು ಅಂದ.

“ಪುಕ್ಕಟಿ ಯಾರು ಕೊಡತಾರೋ ಈ ಕಾಲದಾಗ?” ಅಂದೆ.

“ಯಾರೋ ಪುಣ್ಯಾತ್ಮರು ಎಲ್ಲೋ ಕುಂತು ಮಾಡ್ಯಾರ್ರಿ. ಯಾರು ಬೇಕಾದ್ರೂ ತೊಗೊಳ್ರಿ ಅಂತ ಇಟ್ಟಾರ. ಬ್ಯಾಸಗ್ಯಾಗ ಅರವಟ್ಟಿಗಿ ಇಟ್ಟಂಗ.”

ಅದರಲ್ಲಿದ್ದದ್ದೆಲ್ಲ ಇಂಗ್ಲಿಷ್. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ಒಂದೊಂದು ಗುಂಡಿ ಒತ್ತುವುದು, ಏನಾಯಿತು ಅಂತ ಕಿವಿಗೊಟ್ಟು ಕೇಳುವುದು, ತನಗೆ ತಿಳಿದ ಹೆಸರು ಇಡುವುದು, ಹೀಗೆ ಕಲಿತ. ದನಿ ದೊಡ್ಡ ಕಟ್ಟಡದಲ್ಲಿ ಗುಂಯ್‌ಗುಟ್ಟುವಂತೆ ಮಾಡುವ ಗುಂಡಿಗೆ ‘ಗುಮ್ಮಟ’ ಅಂದ. ಎತ್ತರದ ಕೂಗನ್ನು ತಗ್ಗಿಸಿ, ಪಿಸುಮಾತನ್ನು ಎತ್ತಿ, ಎರಡನ್ನೂ ಸಮಕ್ಕೆ ತರುವುದಕ್ಕೆ ‘ಅತ್ತಿ-ಸೊಸಿ ರಾಜಿ’ ಅಂದ. ಎಲ್ಲರ ಬಾಯಿ ಮುಚ್ಚಿಸಿ ಒಬ್ಬನ ದನಿ ಮಾತ್ರ ಕೇಳಿಸುವ ಒಂದು ಗುಂಡಿ ಇತ್ತು. ಅದರ ಹೆಸರು ಸೋಲೋ. ಅದನ್ನು ಇವನು ಬಹಳ ದಿನ ನಮ್ಮ ಕನ್ನಡದ ಸೋಲು ಅಂತಲೇ ತಿಳಿದಿದ್ದ. “ಸರಿಯಾಗೇ ಹೆಸರಿಟ್ಟಾರಲ್ರಿ ಅಮ್ಮಾ. ಉಳಿದೋರೆಲ್ಲ ಹೋಗಿ ಒಬ್ಬನ ನಿಂತಾವ ಸೋತಂಗ ಅಲ್ಲೇನು?” ಅಂತ ನನಗೇ ಕೇಳಿದ. ಸಂಗಮೇಶ್ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕನಂತೆ. ನನಗೆ ನಗು ಬರಲಿಲ್ಲ. ಹಸನಸಾಬರ ನೆನಪಾಯಿತು.

ಹಸನಸಾಬರ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕುರುಗೋಡಿನಲ್ಲಿ ನಮ್ಮ ಓಣಿಗೆ ಒಂದು ಮೊಹರಂ ಮೇಳವಿತ್ತು. ಅಲಾಯಿ ದೇವರು, ಅಂದರೆ ಹಬ್ಬದ ಪಂಜಾಗಳು, ಕೂತ ದಿನಗಳಲ್ಲಿ ಮಸೂತಿಯ ಮುಂದೆ ಗೆಜ್ಜೆ ಕಟ್ಟಿ, ಹೆಜ್ಜೆ ಹಾಕುತ್ತ ಪದ ಹಾಡುವ ಮೇಳ. ಪಿಂಜಾರರು, ಲಿಂಗಾಯತರು, ನಾಯಕರು, ಎಲ್ಲರೂ ಅದರಲ್ಲಿದ್ದರು. ಈಗಿಲ್ಲದ ನಮ್ಮ ಅಣ್ಣನೂ ಹಾಡಿದವನೇ. ಮುಂದೆ ನಿಂತು ಪದದ ಮೊದಲ ಸಾಲು ಹೇಳುವುದಕ್ಕೆ ‘ಎತ್ತುವುದು’ ಅನ್ನುತ್ತಿದ್ದರು. ಉಳಿದವರು ಆ ಸಾಲನ್ನು ತೆಗೆದುಕೊಂಡು ಹಾಡುವುದಕ್ಕೆ ‘ಹೊರುವುದು’ ಅನ್ನುತ್ತಿದ್ದರು. ಭಾರ ಎತ್ತಿಕೊಟ್ಟರೆ ಹೆಗಲು ಕೊಡುವುದಿಲ್ಲವೇ, ಹಾಗೆ. ಎತ್ತಿದ ಪದವನ್ನು ನೆಲಕ್ಕೆ ಬಿಡಬಾರದು ಅನ್ನುವುದೊಂದೇ ಆ ಮೇಳದ ನೇಮ. ಹಸನಸಾಬರು ಹರೆಯದಿಂದಲೂ ಎತ್ತುವವರು.

ಲಾರಿಗಳು ಬಂದ ಮೇಲೆ ಹೊರುವ ಹೆಗಲುಗಳು ಬೇರೆ ಭಾರಕ್ಕೆ ಹೋದವು. ಸುಂಕಣ್ಣ ಲಾರಿಯ ಸ್ಟೇರಿಂಗ್ ಹಿಡಿದ. ಉಚ್ಚಂಗೆಪ್ಪ ಸಿರುಗುಪ್ಪದ ಮಿಲ್ಲಿನಲ್ಲಿ ಹಮಾಲಿಗೆ ಸೇರಿದ. ಮಿಕ್ಕವರು ಅದಿರು ತುಂಬುವಲ್ಲಿ ಒಬ್ಬೊಬ್ಬರಾಗಿ ಚದುರಿದರು. ಹಿಂದಿನ ಮೊಹರಂನಲ್ಲಿ, ಹಬ್ಬದ ಕೊನೆಗೆ ದೇವರು ಹೊಳೆಗೆ ಹೋಗುವ ಸಂಜೆ, ಹಸನಸಾಬರು ಎಂದಿನಂತೆ ಪದ ಎತ್ತಿದರು. ಹಿಂದೆ ಇದ್ದವರು ವಯಸ್ಸಾದ ಒಂದಿಬ್ಬರು. ಮೊದಲ ಸಾಲನ್ನು ಹೇಗೋ ಹೊತ್ತರು. ಎರಡನೆಯದಕ್ಕೆ ಯಾರ ದನಿಯೂ ಬರಲಿಲ್ಲ. ಪದ ನೆಲಕ್ಕೆ ಬಿತ್ತು. ಹಸನಸಾಬರು ಹೆಗಲ ಮೇಲಿನ ಟುವಾಲಿನಿಂದ ಮುಖ ಒರೆಸಿಕೊಂಡು ಮನೆಗೆ ನಡೆದರು. ಅವತ್ತಿನಿಂದ ಅವರ ಬಾಯಲ್ಲಿ ಹಾಡಿಲ್ಲ. ಗುನುಗುವುದೂ ನಿಂತಿತು.

“ಹಾಡು ನಿಂತಿದ್ದಕ್ಕ ಗಾದಿ ಹೊಲಿಗಿನೂ ವಾರಿ ಆಗೇತವ್ವಾ,” ಅಂತ ಅವರ ಹೆಂಡತಿ ಸರ್ವರಬಿ ನನಗೆ ಹೇಳಿದಳು. “ಮೊದಲು ಪದದ ತಾಳಕ್ಕ ಸೂಜಿ ಹೊಕ್ಕಿತ್ತು. ಈಗ ಬೈಗುಳದ ತಾಳಕ್ಕ ಹೊಕ್ಕೈತಿ.”

ಮುಂದಿನ ಮೊಹರಂಗೆ ಮೇಳದ ಗೆಜ್ಜೆಗಳನ್ನೆಲ್ಲ ಮಸೂತಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತೇನೆ ಅಂತ ಹಸನಸಾಬರು ಹೇಳಿಬಿಟ್ಟಿದ್ದರು. ಖಲಂದರನಿಗೆ ಅದೇ ಚಿಂತೆ. ತಂದೆ ಇಲ್ಲದ ಅವನು ಬೆಳೆದದ್ದು ಮಾವನ ಮನೆಯಲ್ಲಿ, ಆ ದನಿಯನ್ನೇ ಕೇಳಿಕೊಂಡು. ಗೆಜ್ಜೆ ಒಮ್ಮೆ ಮಸೂತಿಯ ಪೆಟ್ಟಿಗೆ ಸೇರಿದರೆ ಮತ್ತೆ ಕೇಳುವವರಿಲ್ಲ, ಮೇಳವೇ ಮುಗಿಯಿತು ಅಂತ ಅವನಿಗೆ ಗೊತ್ತಿತ್ತು. ಹಬ್ಬಕ್ಕೆ ಮುಂಚೆ ಮಾವ ಒಂದು ಸಲ ಪದ ಎತ್ತಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಚಳಿ ಶುರುವಾದಾಗ ಹಸನಸಾಬರೂ ಸರ್ವರಬಿಯೂ ನಮ್ಮ ಮನೆಗೆ ಬಂದಿದ್ದರು. ಖಲಂದರ್ ಕೋಣೆಯ ಗೋಡೆಗೆಲ್ಲ ಹಳೆಯ ಗಾದಿ, ಕೌದಿ ತೂಗುಹಾಕಿದ್ದ. ಒಳಗೆ ಹೋದರೆ ಲಾರಿ ದೂರ ಹೋಗುತ್ತಿತ್ತು. ಮಾತಾಡಿದರೆ ಮಾತು ಬಾಯಿಂದ ಇಳಿದು ಹತ್ತಿಯೊಳಗೆ ಮಲಗಿದಂತೆ ಆಗುತ್ತಿತ್ತು. ಹಸನಸಾಬರು ಸುತ್ತ ನೋಡಿದರು.

“ಮಲಗೋ ಗಾದಿ ಗ್ವಾಡಿಗೆ ಹಾಕೀದಿ. ನೀ ನಿಂತು ಮಲಗತೀ ಏನಲೇ?”

“ದನಿ ಬಡದು ತಿರುಗಿ ಬರಬಾರದಂತ ಹಾಕೀನಿ ಮಾವ. ನೀನು ಒಂದ ಪದ ಎತ್ತಿಕೊಡು. ಸುಂಕಣ್ಣ, ಉಚ್ಚಂಗೆಪ್ಪಣ್ಣ, ಎಲ್ಲಾರ ದನಿ ಅವರವರು ಇದ್ದಲ್ಲೇ ಹಿಡಕೊಂಡು ಬರತೀನಿ. ಆಮ್ಯಾಲ ಎಲ್ಲಾ ಕೂಡಿಸತೀನಿ.”

“ತುಂಡು ತುಂಡು ಕೂಡಸಾಕ ಅದೇನು ಕೌದಿಯೇನು?”

“ಕೌದಿ ಬೆಚ್ಚಗ ಇರತೈತಿ ತೊಗೊಳ್ರಿ,” ಅಂದಳು ಸರ್ವರಬಿ.

“ನೀ ಸುಮ್ಕಿರು. ಲೇ ಖಲಂದರ್, ಹೊರೋರಿಲ್ಲದ ಪದ ನಾ ಎತ್ತಂಗಿಲ್ಲ. ಡಬ್ಬಿ ಮುಂದಂತೂ ಎತ್ತಂಗಿಲ್ಲ. ಆ ಡಬ್ಬಿಗೆ ಹೆಗಲು ಐತೇನಲೇ?”

ಖಲಂದರ್ ಮೈಕಿನ ವೈರು ಸುತ್ತಿಟ್ಟ. ಅವರು ಹೋದ ಮೇಲೆ ನನಗೆ ಹೇಳಿದ: “ಮಾವ ಹೇಳಿದ್ದರಾಗ ತಪ್ಪಿಲ್ರಿ. ಮೊದಲ ಹೆಗಲು ತರಬೇಕು.”

ಸುಂಕಣ್ಣ ಲಾರಿಯ ಪಾಳಿ ಮುಗಿಸಿ ಮಧ್ಯಾಹ್ನ ನಮ್ಮಲ್ಲಿಗೆ ಬಂದ. ಹುಬ್ಬು, ರೆಪ್ಪೆ ಎಲ್ಲ ಕೆಂಪು ಧೂಳು. ನಾನು ಕೊಟ್ಟ ನೀರಲ್ಲಿ ಮುಖ ತೊಳೆದು ಕೋಣೆಯೊಳಗೆ ಹೋಗಿ ಹಾಡಿದ. ಬೇರೆ ಬೇರೆ ದಿನ ಮತ್ತೆ ಕೆಲವರು ಬಂದರು. ಒಬ್ಬೊಬ್ಬರೂ ಮೈಕು ಕಂಡ ಕೂಡಲೇ ಎದೆ ಉಬ್ಬಿಸಿ, ಸಾಲಿನ ಈ ತುದಿಯಿಂದ ಆ ತುದಿವರೆಗೆ ಎಡೆಬಿಡದೆ ಹಾಡಿದರು. ಖಲಂದರ್ ಒಬ್ಬೊಬ್ಬರ ಮೇಲಿಂದಲೂ ಲಾರಿಯ ಧೂಳನ್ನು ತೆಗೆದ. ಗಂಟಲಿನ ಗರಗರ ಇದ್ದಲ್ಲಿ ತುಸು ತಗ್ಗಿಸಿದ, ದನಿ ತೆಳುವಾದಲ್ಲಿ ತುಸು ದಪ್ಪ ಮಾಡಿದ. ಬಿಡಿಬಿಡಿಯಾಗಿ ಕೇಳಿದರೆ ಒಂದೊಂದೂ ಮುತ್ತು. ಒಂದು ಸಂಜೆ ಎಲ್ಲವನ್ನೂ ಕೂಡಿಸಿ, “ಕೇಳ್ರಿ ಅಮ್ಮಾ,” ಅಂತ ಹಚ್ಚಿದ.

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ಕಂಡಕ್ಟರರೂ ಒಟ್ಟಿಗೆ ತಂತಮ್ಮ ಊರಿನ ಹೆಸರು ಕೂಗಿದಂತೆ ಇತ್ತು.

ಅವನ ಮುಖ ನೋಡಿ ನಾನು, “ಎಲ್ಲಾರೂ ಗಟ್ಟಿ ಹಾಡ್ಯಾರಪ್ಪಾ,” ಅಂದೆ. ಅವನು ದನಿಗಳನ್ನು ತಗ್ಗಿಸಿದ. ಆಗ ದೂರದ ಬಸ್ ಸ್ಟ್ಯಾಂಡಾಯಿತು. ಗುಮ್ಮಟದ ಗುಂಡಿ ತಿರುಗಿಸಿದ. ಗುಮ್ಮಟದೊಳಗಿನ ಬಸ್ ಸ್ಟ್ಯಾಂಡಾಯಿತು. ಎಷ್ಟೋ ದಿನ ಹಾಗೇ ಕೂತು ತಿರುಗಿಸಿದ್ದೇ ತಿರುಗಿಸಿದ್ದು. ಎಲ್ಲ ದನಿ ಚೊಕ್ಕಟ ಇವೆ, ತಾಳ ಕೂಡಿದೆ, ಆದರೂ ಮೇಳ ಅನ್ನಿಸುತ್ತಿಲ್ಲ. ಏನು ತಪ್ಪಿದೆ ಅಂತ ಅವನಿಗೂ ತಿಳಿಯದು, ನನಗೂ ತಿಳಿಯದು. ನಾನು ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಕೇಳುತ್ತಿದ್ದೆ. ಕೇಳಿ ಕೇಳಿ ಆ ದನಿಗಳು ನನ್ನ ಕನಸಿಗೂ ಬಂದವು. ಕನಸಿನಲ್ಲಿ ಎಲ್ಲರೂ ಒಂದೇ ಬಾಗಿಲಿನಲ್ಲಿ ಒಟ್ಟಿಗೆ ನುಗ್ಗಲು ನೋಡುತ್ತಿದ್ದರು.

ತಪ್ಪು ತಿಳಿದದ್ದು ಸಿರುಗುಪ್ಪದಲ್ಲಿ. ಉಚ್ಚಂಗೆಪ್ಪನಿಗೆ ಮಿಲ್ಲು ಬಿಟ್ಟು ಬರಲು ಆಗುತ್ತಿರಲಿಲ್ಲ, ಹೊಸ ನೆಲ್ಲು ಬರುವ ಹಂಗಾಮು. ಖಲಂದರ್ ಸಂಗಮೇಶನಿಗೆ ಕಾಡಿ ಬೇಡಿ ಅವನ ಲ್ಯಾಪ್‌ಟಾಪ್ ತೆಗೆದುಕೊಂಡು ಬಸ್ಸು ಹತ್ತಿದ. ಅಲ್ಲಿ ಮಿಲ್ಲಿನ ಯಂತ್ರದ ಸದ್ದಿಗೆ ಮೈಕೇ ತೆಗೆಯುವಂತಿರಲಿಲ್ಲ. ಕಾಯುತ್ತ ಕೂತ. ಮಧ್ಯಾಹ್ನ ಕರೆಂಟು ಹೋಯಿತು. ಎಲ್ಲ ಯಂತ್ರಗಳೂ ಒಂದೊಂದಾಗಿ ಉಸಿರು ಬಿಟ್ಟು ನಿಂತವು. ಮೇಲಿನ ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ತೌಡಿನ ಪುಡಿ ಬಂಗಾರದ ಹೊಗೆಯಂತೆ ತೇಲುತ್ತಿತ್ತಂತೆ. ಮೌನಕ್ಕೂ ಬಣ್ಣ ಇರುತ್ತದೆ ಅಂತ ಅವತ್ತು ಕಂಡೆ ಅಂದ. ಅವತ್ತು ಅಲ್ಲಿ ಆಡಿದ ಮಾತೆಲ್ಲ ಮೈಕಿನಲ್ಲಿ ಹಿಡಿದಿತ್ತು, ಆಮೇಲೆ ನನಗೂ ಕೇಳಿಸಿದ.

ಉಚ್ಚಂಗೆಪ್ಪ ಅಕ್ಕಿಯ ಚೀಲದ ಮೇಲೆ ಕೂತು ಹಾಡುತ್ತಾನೆ: “ದೂರದ ದಾರ್ಯಾಗ ದೂಳೆದ್ದು ಬಂದಾವ…” ಅಲ್ಲಿಗೆ ನಿಲ್ಲಿಸಿಬಿಡುತ್ತಾನೆ.

“ಯಾಕ ನಿಲ್ಲಿಸಿದಿ ಅಣ್ಣಾ? ‘ಯಾರ ಕುದುರಿ ಕೇಳ ಕಂದಯ್ಯ’, ಅದೂ ಹಾಡು.”

“ಅದು ನಂದಲ್ಲ. ಇಲ್ಲಿಗೆ ನನ್ನ ಉಸಿರು ಮುಗೀತು. ಇಲ್ಲಿ ಸುಂಕಣ್ಣ ಹೊರತಾನ, ನಾ ಉಸಿರು ತೊಗೊಂತೀನಿ. ಅವನ ಉಸಿರು ಮುಗಿಯೋದ್ರಾಗ ನಾ ಇಸಕೊಂತೀನಿ. ಅವ ಎಲ್ಲದಾನ?”

“ಬಳ್ಳಾರ್ಯಾಗದಾನ.”

“ಹಂಗಾರ ನಾ ಯಾರ ಕೈಯಾಗ ಕೊಡ್ಲಿ ಪದಾನ? ಈ ತೌಡಿನ ಚೀಲದ ಕೈಯಾಗ ಕೊಡ್ಲೇನು?”

“ಸುಂಕಣ್ಣ ಒಬ್ಬನ ಪೂರ್ತಿ ಹಾಡ್ಯಾನಲ್ಲ.”

“ಹಾಡಿರತಾನ. ಅವಗ ಮೈಕು ಕಂಡ್ರ ಮೈಮ್ಯಾಲ ದೇವರು ಬರತೈತಿ. ಲೇ ತಮ್ಮಾ, ಮೇಳದಾಗ ಯಾರೂ ಪದ ಪೂರ್ತಿ ಹಾಡಂಗಿಲ್ಲೋ. ಪದ ಪೂರ್ತಿ ಆಗತೈತಿ, ಅಷ್ಟ.”

ಇಲ್ಲಿ ವೈರು ಎಳೆದ ಸರಸರ ಕೇಳುತ್ತದೆ. ಎಲ್ಲೋ ಗುಬ್ಬಿಗಳು. ಆಮೇಲೆ ಖಲಂದರನ ದನಿ: “ಅಣ್ಣಾ, ಇದನ್ನ ಕಿವಿಗೆ ಹಾಕ್ಕೋ. ಸುಂಕಣ್ಣನ್ನ ನಿನ್ನ ಕಿವ್ಯಾಗ ಬಿಡತೀನಿ.” ಹೆಡ್‌ಫೋನ್ ಹಾಕಿಕೊಂಡ ಉಚ್ಚಂಗೆಪ್ಪ, ಎದುರಿಗಿದ್ದವನನ್ನು ಕರೆದ ಹಾಗೆ ಕೂಗುತ್ತಾನೆ: “ಲೇ ಸುಂಕ್ಯಾ! ಬೀಡಿ ಸೇದಿ ಸೇದಿ ದನಿ ಹೆಂಗ ಮಾಡಿಕೊಂಡೀಯಲೇ!” ಮಿಲ್ಲಿನವರೆಲ್ಲ ನಗುತ್ತಾರೆ. ನಗು ಇಳಿದ ಮೇಲೆ ಅವನು ಹಾಡುತ್ತಾನೆ. ಅರ್ಧ ಹಾಡಿ ಬಿಡುತ್ತಾನೆ. ಬಿಟ್ಟಲ್ಲಿ ಅವನು ಉಸಿರೆಳೆದುಕೊಳ್ಳುವುದು ಕೇಳುತ್ತದೆ, ತುಂಬಿದ ಕೊಡ ಇಳಿಸಿದವಳು ಉಸಿರೆಳೆದುಕೊಂಡಂತೆ. ಮತ್ತೆ ಎತ್ತಿಕೊಳ್ಳುತ್ತಾನೆ.

ಖಲಂದರ್ ತಿರುಗಿ ಬಂದವನು ಊಟಕ್ಕೂ ಏಳಲಿಲ್ಲ. ಇಷ್ಟು ದಿನ ಚೊಕ್ಕಟ ಮಾಡಿ ಇಟ್ಟಿದ್ದ ದನಿಗಳನ್ನು ಕತ್ತರಿಸುತ್ತ ಕೂತ. ಸುಂಕಣ್ಣನ ಸಾಲಿನ ಮೊದಲ ಅರ್ಧ ತೆಗೆದ, ಮತ್ತೊಬ್ಬನ ಕೊನೆಯ ಅರ್ಧ ತೆಗೆದ. ಕತ್ತರಿಸಿದ ಕಡೆ ಚಕ್ಕನೆ ನಿಲ್ಲದಂತೆ, ಸೆರಗು ಜಾರಿದ ಹಾಗೆ ಮೆಲ್ಲನೆ ಇಳಿಸಿದ. ಧೂಳೆಂದು ತೆಗೆದೊಗೆದಿದ್ದ ಉಸಿರುಗಳನ್ನು ಹುಡುಕಿ ವಾಪಸ್ಸು ತಂದ. ಆಮೇಲೆ ಒಬ್ಬೊಬ್ಬರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದ. ಎಡದ ಸ್ಪೀಕರಿನಲ್ಲಿ ಜಾಸ್ತಿ ಕೇಳಿಸಿದರೆ ಎಡಕ್ಕೆ ನಿಂತಂತೆ, ಬಲದಲ್ಲಿ ಕೇಳಿಸಿದರೆ ಬಲಕ್ಕೆ, ದನಿ ತುಸು ಮಬ್ಬು ಮಾಡಿದರೆ ಹಿಂದೆ ಸರಿದಂತೆ. ಉಚ್ಚಂಗೆಪ್ಪನನ್ನು ಎಡಕ್ಕೆ, ಸುಂಕಣ್ಣನನ್ನು ಬಲಕ್ಕೆ. ಚಿಕ್ಕಂದಿನಲ್ಲಿ ಮಸೂತಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಾಗ ಅವರು ಹೇಗೆ ನಿಂತಿದ್ದರೋ ಹಾಗೆ. ಮುಂದೆ, ನಟ್ಟನಡುವೆ, ಎತ್ತುವವನ ಜಾಗ ಖಾಲಿ ಬಿಟ್ಟ. ಖಲಂದರ್ ತಾನೇ ಕಾಲಿಗೆ ಕಟ್ಟಿ ಹಿಡಿದಿಟ್ಟ ಗೆಜ್ಜೆ ಹೆಜ್ಜೆ ಕೇಳುತ್ತದೆ, ಒಂದು ಸಾಲಿನಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಎಲ್ಲರೂ ಹೊರುತ್ತಾರೆ.

“ಆ ಸಾಲು ನೀನ ಹಾಡಿಬಿಡಪ್ಪಾ. ನಿನಗೂ ಬರತೈತಲ್ಲ,” ಅಂದೆ.

“ಬರತೈತ್ರಿ. ಆದ್ರ ನಾ ನಿಂತ್ರ ಜಾಗ ತುಂಬತೈತಿ. ಮಾವಗ ಬರಾಕ ಜಾಗ ಇರಂಗಿಲ್ಲ.”

ಮುಂದಿನ ಶುಕ್ರವಾರ ಅವನ ಜೊತೆ ನಾನೂ ಕುರುಗೋಡಿಗೆ ಹೋದೆ. ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಸುಗೂಸಿಗೆ ಹಿಡಿದಂತೆ ಕೈ ಅಡ್ಡ ಹಿಡಿದಿದ್ದ. ಎರಡು ಸಣ್ಣ ಸ್ಪೀಕರ್ ನನ್ನ ಕೈಚೀಲದಲ್ಲಿದ್ದವು. ಕಿಟಕಿಯಾಚೆ ಬಂಡೆಗುಡ್ಡಗಳು ಬಿಸಿಲಿನಲ್ಲಿ ಆನೆಗಳಂತೆ ಮಲಗಿದ್ದವು. ಊರು ಹತ್ತಿರ ಬಂದಂತೆ ಲಾರಿಯ ಸದ್ದು ಕಡಿಮೆಯಾಯಿತು. ಅವನು ಕಣ್ಣು ಮುಚ್ಚಿದ. “ಮಾವ ಆಗಂಗಿಲ್ಲ ಅಂದ್ರ ಮತ್ತ ಕೇಳಂಗಿಲ್ರಿ ಅಮ್ಮಾ. ಗೆಜ್ಜಿ ಮಸೂತಿಗೆ ಹೋಗ್ಲಿ,” ಅಂದ.

ಹಸನಸಾಬರು ಪಡಸಾಲೆಯಲ್ಲಿ ಗಾದಿ ಹೊಲಿಯುತ್ತಿದ್ದರು. ಅರ್ಧ ಹೊಲಿದ ಗಾದಿ ಅವರ ಸುತ್ತ ಮೋಡದ ಹಾಗೆ ಉಬ್ಬಿತ್ತು. ಸರ್ವರಬಿ ನಮಗೆ ಚಾಪೆ ಹಾಸಿದಳು. ಖಲಂದರ್ ಸ್ಪೀಕರುಗಳನ್ನು ಅವರ ಎದುರಿಗೆ, ಒಂದು ಈ ಕಡೆ, ಒಂದು ಆ ಕಡೆ ಇಟ್ಟ. ಅವರು ತಲೆ ಎತ್ತಲಿಲ್ಲ.

“ಡಬ್ಬಿ ತಂದೀಯೇನು?”

“ಸುಮ್ಮನ ಕೇಳು ಮಾವ. ಹಾಡು ಅನ್ನಂಗಿಲ್ಲ ನಾನು.”

ಹಚ್ಚಿದ. ಮೊದಲು ಗೆಜ್ಜೆ. ಆಮೇಲೆ ಆ ಖಾಲಿ ಜಾಗ. ಆಮೇಲೆ ದನಿಗಳು ಬಂದವು. ಒಬ್ಬ ಬಿಟ್ಟಲ್ಲಿ ಒಬ್ಬ ಹಿಡಿಯುತ್ತ, ನಡುನಡುವೆ ಉಸಿರಾಡುತ್ತ. ಪಡಸಾಲೆಯ ಜಂತೆಗಳ ಕೆಳಗೆ ನಮ್ಮ ಓಣಿಯ ಗಂಡಸರು ಬಂದು ನಿಂತ ಹಾಗಾಯಿತು. ನನಗೆ ನಮ್ಮ ಅಣ್ಣನೂ ಅಲ್ಲೆಲ್ಲೋ ಹಿಂದೆ ನಿಂತಿದ್ದಾನೆ ಅನ್ನಿಸಿತು. ಸರ್ವರಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಸನಸಾಬರ ಸೂಜಿ ನಿಂತಿತು.

ಪದ ಒಂದು ಸುತ್ತು ಮುಗಿಯಿತು. ಅವರು ಹುಬ್ಬು ಗಂಟು ಹಾಕಿದರು.

“ಉಚ್ಚಂಗಿ ಆ ಕಡೆ ಯಾಕ ನಿಂತಾನ?”

ಖಲಂದರ್ ತಬ್ಬಿಬ್ಬಾದ. “ಯಾವ ಕಡೆ ಮಾವ?”

“ನನ್ನ ಎಡಕ್ಕ ಬರಾಕ ಹತ್ತೈತಿ ಅವನ ದನಿ. ಅವ ಎಂದರ ನನ್ನ ಎಡಕ್ಕ ನಿಂತಾನೇನು? ಹುಡುಗ ಇದ್ದಾಗಿಂದ ಅವ ನನ್ನ ಬಲಗಿವಿ. ಸುಂಕ ಎಡಗಿವಿ. ಅಂಗಿ ತಿರುವಿ ಹಾಕ್ಕೊಂಡಂಗ ಮಾಡೀಯಲ್ಲೋ.”

“ನಾ ನೋಡಿದಾಗ ಉಚ್ಚಂಗೆಪ್ಪಣ್ಣ ಎಡಕ್ಕ ಇರತಿದ್ದ ಮಾವ…”

“ನೀ ಕಟ್ಟಿ ಮ್ಯಾಲ ಕುಂತು ನೋಡಿದಾವ. ನಾವು ಒಳಗ ನಿಂತೋರು.”

ಖಲಂದರ್ ಪರದೆಯ ಮೇಲೆ ಬಗ್ಗಿ, “ಈಗ ತಿರುವಿ ಹಾಕತೀನಿ, ಒಂದ ನಿಮಿಷ,” ಅಂತ ತಡಕಾಡತೊಡಗಿದ. ಹಸನಸಾಬರು ನಾಲಿಗೆ ಲೊಚಗುಟ್ಟಿದರು. “ಅದೇನು ತಿರುವತೀ. ಎತ್ತೋನಿಗೆ ಮೇಳ ಎದರಿಗೆ ಇರಂಗಿಲ್ಲಲೇ, ಬೆನ್ನಿಗೆ ಇರತೈತಿ,” ಅಂತ ಗೊಣಗುತ್ತ, ತೊಡೆಯ ಮೇಲಿನ ಗಾದಿಯ ಸಮೇತ ಕೂತಲ್ಲೇ ಸರಿದು ಸರಿದು, ಸ್ಪೀಕರುಗಳಿಗೆ ಬೆನ್ನು ಮಾಡಿ ಗೋಡೆ ಕಡೆ ತಿರುಗಿದರು. “ಹಚ್ಚು ಈಗ.”

ಖಲಂದರ್ ಹಚ್ಚಿದ. ಎಡಕ್ಕಿದ್ದದ್ದು ಅವರ ಬಲಕ್ಕೆ ಬಂತು, ಬಲಕ್ಕಿದ್ದದ್ದು ಎಡಕ್ಕೆ. ಮೇಳ ಅವರ ಬೆನ್ನಿಗೆ ಬಂತು. ಗೆಜ್ಜೆ ಕೇಳಿತು. ಖಾಲಿ ಜಾಗ ಬಂತು, ಹೋಯಿತು. ಹೊರುವವರು ಹೊತ್ತರು. ಹಸನಸಾಬರ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಅಂಗಿಯ ಹೊಲಿಗೆಯ ಮೇಲೆ ಹತ್ತಿಯ ಎಳೆ ಒಂದು ಅಂಟಿಕೊಂಡಿತ್ತು. ಅದು ಅಲುಗುತ್ತಿರಲಿಲ್ಲ. ಮತ್ತೆ ಗೆಜ್ಜೆ. ಈ ಸಲ ಆ ಎಳೆ ಮೆಲ್ಲನೆ ಮೇಲೆದ್ದಿತು, ಅವರ ಬೆನ್ನು ಉಸಿರು ತುಂಬಿಕೊಂಡಿತ್ತು.

“ದೂರದ ದಾರ್ಯಾಗ ದೂಳೆದ್ದು ಬಂದಾವ…”

ದನಿ ಮೊದಲಿನಷ್ಟು ಇರಲಿಲ್ಲ. ತುದಿಯಲ್ಲಿ ಸವೆದಿತ್ತು, ಹಳೆಯ ಮೆಟ್ಟಿಲಿನ ಅಂಚಿನ ಹಾಗೆ. ಆದರೆ ಅದು ಹೋಗಿ ಬೀಳುವಷ್ಟರಲ್ಲಿ ಬಲದಿಂದ ಉಚ್ಚಂಗೆಪ್ಪ ಕೈ ಕೊಟ್ಟ, ಎಡದಿಂದ ಸುಂಕಣ್ಣ ಹೆಗಲು ಕೊಟ್ಟ. ಪದ ನೆಲಕ್ಕೆ ಬೀಳಲಿಲ್ಲ. ಆ ಪಡಸಾಲೆ ಎಲ್ಲಿತ್ತೋ, ನಾವು ಎಲ್ಲಿದ್ದೆವೋ, ನನಗೆ ತಿಳಿಯಲಿಲ್ಲ. ಸಿರುಗುಪ್ಪದ ಮಿಲ್ಲಿನ ಬಿಸಿಲೂ ಬಳ್ಳಾರಿಯ ಕೋಣೆಯ ಹತ್ತಿಯೂ ಕುರುಗೋಡಿನ ಈ ಗೋಡೆಯೂ ಒಂದೇ ಅಂಗಳವಾಗಿದ್ದವು. ಖಲಂದರ್ ಗುಂಡಿ ಮುಟ್ಟಲಿಲ್ಲ. ಮೈಕನ್ನೂ ತಂದಿರಲಿಲ್ಲ. ಸುಮ್ಮನೆ ಮೊಣಕಾಲು ಅಪ್ಪಿಕೊಂಡು ಕೂತು ಕೇಳಿದ.

ಪದ ಮುಗಿದ ಮೇಲೆ ಹಸನಸಾಬರು ತಿರುಗದೆಯೇ ಹೇಳಿದರು: “ಸುಂಕಗ ಫೋನ್ ಹಚ್ಚು.”

ಖಲಂದರ್ ಹಚ್ಚಿಕೊಟ್ಟ. ಆ ಕಡೆ ಲಾರಿಯ ಸದ್ದು.

“ಲೇ ಸುಂಕ, ಹೊಳಿಗೆ ಹೋಗೋ ದಿನ ಪದ ಎತ್ತೋನಿದೀನಿ. ಡಬ್ಬ್ಯಾಗ ಬಂದು ಹೊತ್ರ ನಡೆಯಂಗಿಲ್ಲ. ಮೈ ತೊಗೊಂಡು ಬಾ.”

“ಕಾಕಾ, ನೀ ಎತ್ತೋದ ನಿಜ ಆದ್ರ ಲಾರಿ ದಾರ್ಯಾಗ ಬಿಟ್ಟು ಬರತೀನಿ,” ಅಂದ ಸುಂಕಣ್ಣ. ಆಮೇಲೆ ಮೆಲ್ಲಗೆ, “ಉಚ್ಚಂಗಿ ಬರತಾನಿಲ್ಲೋ?”

“ಅವ ನನ್ನ ಬಲಕ್ಕ ಇಲ್ಲೇ ಅದಾನ. ಕರಕೊಂಡು ಬರೋದು ನಿನ್ನ ಕೆಲಸ.”

ಹಬ್ಬಕ್ಕೆ ಇನ್ನೂ ದಿನಗಳಿದ್ದವು, ಗೆಜ್ಜೆ ಒಪ್ಪಿಸುವ ಮಾತನ್ನು ಯಾರೂ ಎತ್ತಲಿಲ್ಲ. ಹಸನಸಾಬರು ಸರ್ವರಬಿಯನ್ನೂ ಕರೆದುಕೊಂಡು ತಾವಾಗಿಯೇ ಬಳ್ಳಾರಿಗೆ ಬಂದರು. ಹಾಡು ಹಿಡಿಯುವ ಕೋಣೆಯಲ್ಲಿ, ಗೋಡೆಯ ಗಾದಿಗಳ ನಡುವೆ, ಕಂಪ್ಯೂಟರಿಗೆ ಬೆನ್ನು ಮಾಡಿ ಕೂತು ಪದ ಎತ್ತಿಕೊಟ್ಟರು. ಒಂದು ಸಲ ಅಂದವರು ಬಾಯಿಗೆ ಬಂದ ಪದಗಳನ್ನೆಲ್ಲ ಎತ್ತಿದರು. ಖಲಂದರ್ ಅವರ ದನಿಯ ಮೇಲೆ ಯಾವ ಗುಂಡಿಯನ್ನೂ ತಿರುಗಿಸಲಿಲ್ಲ. ತುದಿಯ ಸವಕಲೂ ಹಾಗೇ ಇರಲಿ ಅಂದ. ನಡುವೆ ದೂರದಲ್ಲೊಂದು ಲಾರಿ ಹೋದದ್ದು ಸಣ್ಣಗೆ ಹಿಡಿದಿತ್ತು. ತೆಗೆಯುತ್ತೀಯಾ ಅಂತ ಕೇಳಿದೆ. “ಸುಂಕಣ್ಣಂದು ಇದ್ದರೂ ಇರಬಹುದ್ರಿ,” ಅಂತ ನಕ್ಕ.

ಕೂಡಿಸಿದ ಹಾಡನ್ನು ಕೊನೆಯ ಸಲ ಕೇಳುತ್ತ ಎಲ್ಲರೂ ಕೂತಿದ್ದಾಗ ಬಚ್ಚಲ ಕಡೆಯಿಂದ ಸುಸ್ ಅಂತ ಸದ್ದು ಬಂತು. ನಲ್ಲಿಗೆ ನೀರು ಬಿಟ್ಟಿದ್ದರು. ಎಷ್ಟು ಹೊತ್ತು ಬರುತ್ತದೋ ಯಾರು ಬಲ್ಲರು. ನಾನೂ ಸರ್ವರಬಿಯೂ ಎದ್ದೆವು. ಖಲಂದರ್ ಹಾಡು ನಡೆಯುತ್ತಿದ್ದ ಕಂಪ್ಯೂಟರನ್ನು ಹಾಗೇ ಬಿಟ್ಟು ಪೈಪು ಹಿಡಿದು ಓಡಿದ. ಹಸನಸಾಬರು ಪಂಚೆ ಮೇಲೆ ಕಟ್ಟಿ, “ತೊಟ್ಟಿ ಮೊದಲ ತೊಳಕೋರೋ, ತಳದಾಗ ಕೆಂಪು ಮಣ್ಣು ಕುಂತೈತಿ,” ಅಂತ ಒಳಗೆ ಬಗ್ಗಿ ಉಜ್ಜತೊಡಗಿದರು. ಸರ್ವರಬಿ ಕೊಡಗಳನ್ನು ಸಾಲಾಗಿ ಇಟ್ಟಳು. ಒಂದು ತುಂಬಿತು. ನಾನು ಅದನ್ನು ಎತ್ತಿ ಅಡುಗೆ ಮನೆಗೆ ಒಯ್ದು, ಬಟ್ಟೆ ಕಟ್ಟಿ ಹಂಡೆಗೆ ಸೋಸಿ ಸುರಿದೆ.